ಮೈ ಬಲ ನೆಚ್ಚಿ ಆಡುವ ಐಸ್ ಹಾಕಿ ಡಿಫೆಂಡರ್‌ನ ಶಕ್ತಿ ಏನು, ಕೊರತೆ ಏನು?

ಪ್ರಶ್ನೆ: ಶಿರಸಿಯ ಸೋದರಮಾವ

ನನ್ನ ಅಕ್ಕನ ಮಗ ಕೆನಡಾದ ಕ್ಯಾಲ್ಗರಿಯಲ್ಲಿ ಐಸ್ ಹಾಕಿ ಆಡುತ್ತಾನೆ. ವಯಸ್ಸು 14. ಎತ್ತರ ಈಗಾಗಲೇ 5 ಅಡಿ 11 ಇಂಚು, ಮೈಕಟ್ಟು ನಮ್ಮ ಅಜ್ಜನ ಹಾಗೆ ಗಟ್ಟಿ. ತಂಡದಲ್ಲಿ ಅವನು ಡಿಫೆಂಡರ್. ಅಲ್ಲಿ ಸಂಜೆ ಆರಕ್ಕೆ ಶುರುವಾಗುವ ಪಂದ್ಯ ನಮಗೆ ಬೆಳಗಿನ ಆರೂವರೆಗೆ ಸಿಗುವುದರಿಂದ, ಈ ಚಳಿಗಾಲದಲ್ಲಿ ತೋಟಕ್ಕೆ ಇಳಿಯುವ ಮೊದಲು ಫೋನಿನಲ್ಲಿ ಅವನ ಆಟ ನೋಡುವುದು ನನಗೆ ರೂಢಿಯಾಗಿದೆ. ಎದುರಾಳಿಯನ್ನು ಅವನು ಭುಜದಿಂದ ಒತ್ತಿ ಅಂಚಿನ ಗೋಡೆಗೆ ಸೇರಿಸಿದಾಗ ಅಲ್ಲಿಯ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ಇಲ್ಲಿ ನನಗೂ ಮೈ ಜುಮ್ಮೆನ್ನುತ್ತದೆ. ಆದರೆ ಕಳೆದ ಪಂದ್ಯದಲ್ಲಿ ಅವರ ತಂಡದ ಮೇಲೆ ಬಿದ್ದ ನಾಲ್ಕು ಗೋಲುಗಳಲ್ಲಿ ಎರಡು, ಇವನು ಡಿಕ್ಕಿ ಹೊಡೆಯಲು ಮುಂದೆ ನುಗ್ಗಿ ಎದುರಿನವನು ನುಣುಚಿಕೊಂಡಾಗ ಬಂದವು. ಹುಡುಗನ ಶಕ್ತಿಯೂ ಅದೇ, ದೌರ್ಬಲ್ಯವೂ ಅದೇ ಎಂದು ಕೋಚ್ ಅಕ್ಕನಿಗೆ ಹೇಳಿದರಂತೆ. ನನಗೆ ಈ ಆಟದ ನಿಯಮಗಳು ಅರ್ಧಂಬರ್ಧ ಗೊತ್ತು. ಇಂತಹ ಆಟಗಾರನಿಂದ ತಂಡಕ್ಕೆ ನಿಜವಾಗಿ ಸಿಗುವುದೇನು, ಕೈತಪ್ಪಿ ಹೋಗುವುದೇನು ಎಂಬುದನ್ನು ಬಲ್ಲವರು ವಿವರಿಸಬೇಕಾಗಿ ಕೋರುತ್ತೇನೆ. ಮುಂದಿನ ಸಲ ಅವನು ಫೋನ್ ಮಾಡಿದಾಗ ಬರೀ "ಚೆನ್ನಾಗಿ ಆಡಿದೆ" ಎಂದು ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ.

ಉತ್ತರ 1: ಕುಮಟಾದವನು, ಈಗ ಟೊರಾಂಟೊದಲ್ಲಿ

ನನ್ನ ಮಗ ಒಂಬತ್ತು ವರ್ಷ ಇದೇ ಸ್ಥಾನದಲ್ಲಿ ಆಡಿದ. ಆ ಒಂಬತ್ತು ಚಳಿಗಾಲವೂ ನಾನು ರಿಂಕಿನ ತಣ್ಣನೆಯ ಬೆಂಚಿನ ಮೇಲೆ ಕುಳಿತು ನೋಡಿದ್ದೇನೆ. ಆ ಅನುಭವದಿಂದ ಬರೆಯುತ್ತೇನೆ.

ಬಾಡಿ ಚೆಕ್, ಅಂದರೆ ಮೈಯಿಂದ ಒತ್ತಿ ತಡೆಯುವುದು, ಇರುವುದು ಎದುರಾಳಿಯನ್ನು ಪಕ್‌ನಿಂದ (ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆ) ಬೇರೆ ಮಾಡುವುದಕ್ಕೆ. ಪಕ್ ಇಲ್ಲದವನಿಗೆ ಮೈ ಕೊಟ್ಟು ತಡೆದರೆ ಅದು ತಪ್ಪು; ಎರಡು ನಿಮಿಷ ಹೊರಗೆ ಕೂರಬೇಕು, ಉಳಿದವರು ಒಬ್ಬ ಕಡಿಮೆ ಇಟ್ಟುಕೊಂಡು ಆಡಬೇಕು. ಈ ಒಂದು ನಿಯಮ ನೆನಪಿಟ್ಟುಕೊಂಡರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ.

ಗಟ್ಟಿ ಮೈಯ ಡಿಫೆಂಡರ್ ಹೆಚ್ಚು ಬೆಲೆ ಬಾಳುವುದು ಎರಡು ಜಾಗಗಳಲ್ಲಿ. ಒಂದು, ನಮ್ಮ ಗೋಲಿನ ಮುಂದೆ. ಅಲ್ಲಿ ಎದುರಾಳಿ ಬಂದು ನಿಂತರೆ ನಮ್ಮ ಗೋಲಿಗೆ (ಗೋಲ್‌ಕೀಪರ್‌ಗೆ) ಪಕ್ ಕಾಣುವುದೇ ಇಲ್ಲ. ಅವನನ್ನು ಒತ್ತಿ ಸರಿಸಲು, ಅವನ ಕೋಲನ್ನು ಎತ್ತಿ ಹಿಡಿಯಲು ಬಲ ಬೇಕು. ಇನ್ನೊಂದು, ಹಿಂದಿನ ಮೂಲೆಗಳು. ಪಕ್ ಗೋಡೆಗೆ ಅಂಟಿಕೊಂಡಾಗ ಅಲ್ಲಿ ನಡೆಯುವುದು ತೂಕದ ಗುದ್ದಾಟ, ಅದರಲ್ಲಿ ನಿಮ್ಮ ಅಳಿಯ ಗೆಲ್ಲುತ್ತಾನೆ. ಇವೆರಡಕ್ಕಿಂತ ದೊಡ್ಡದು ಅಂಕಿಪಟ್ಟಿಯಲ್ಲಿ ಕಾಣದ ಲಾಭ: ಒಮ್ಮೆ ಅವನಿಂದ ಪೆಟ್ಟು ತಿಂದವನು ಮುಂದಿನ ಸಲ ಆ ಬದಿಯಿಂದ ಬರುವಾಗ ಪಕ್ ನೋಡುವುದನ್ನು ಬಿಟ್ಟು ಇವನನ್ನೇ ನೋಡುತ್ತಾನೆ, ಗಾಬರಿಯಲ್ಲಿ ಅರ್ಧ ಸೆಕೆಂಡ್ ಮೊದಲೇ ಪಾಸ್ ಕೊಟ್ಟುಬಿಡುತ್ತಾನೆ. ಆ ಅರ್ಧ ಸೆಕೆಂಡಿನಲ್ಲಿ ನಮ್ಮವರಿಗೆ ಪಕ್ ಸಿಗುತ್ತದೆ.

ಕೊರತೆಯ ಬೇರು ಇರುವುದು ಕಾಲಿನಲ್ಲಿ. ಡಿಫೆಂಡರ್ ಹೆಚ್ಚು ಹೊತ್ತು ಹಿಮ್ಮುಖವಾಗಿ ಜಾರುತ್ತಾ ಬರುವವನಿಗೆ ಎದುರಾಗಿರಬೇಕು, ತನ್ನ ಮತ್ತು ಅವನ ನಡುವೆ ಸುಮಾರು ಒಂದು ಕೋಲಿನಷ್ಟು ಅಂತರ ಕಾಯ್ದುಕೊಳ್ಳಬೇಕು, ಅವನನ್ನು ಮೆಲ್ಲಮೆಲ್ಲನೆ ಅಂಚಿನ ಗೋಡೆಯ ಕಡೆಗೆ ತಳ್ಳಬೇಕು. ಅಲ್ಲಿ ಜಾಗ ಮುಗಿದಾಗ ಭುಜ ಕೊಡಬೇಕು. ಇಷ್ಟು ಸಾವಧಾನವಿಲ್ಲದೆ ಬಯಲಿನ ಮಧ್ಯದಲ್ಲೇ ಎದುರು ನುಗ್ಗಿದರೆ, ಚುರುಕಾದ ಹುಡುಗ ಒಂದೇ ಹೆಜ್ಜೆ ಓರೆಯಾಗಿ ದಾಟಿಹೋಗುತ್ತಾನೆ, ನುಗ್ಗಿದವನು ತಿರುಗಿ ವೇಗ ಹಿಡಿಯುವಷ್ಟರಲ್ಲಿ ಗೋಲಿ ಒಂಟಿಯಾಗಿರುತ್ತಾನೆ. ನೀವು ಹೇಳಿದ ಎರಡು ಗೋಲುಗಳು ಹೀಗೇ ಬಂದಿರಬೇಕೆಂದು ನನ್ನ ಊಹೆ.

ಉತ್ತರ ಅಮೆರಿಕದ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ನಲ್ಲೂ ಇದೇ ಪಾಠ ಕಾಣುತ್ತದೆ. ಕೋಲಿನಿಂದ, ಕೈಯಿಂದ ಹಿಡಿದು ನಿಲ್ಲಿಸುವುದನ್ನು 2005ರಿಂದ ರೆಫರಿಗಳು ಬಿಗಿಯಾಗಿ ಶಿಕ್ಷಿಸತೊಡಗಿದರು, ದೂರದ ಪಾಸುಗಳಿಗೂ ಆಗಲೇ ಅವಕಾಶ ಸಿಕ್ಕಿತು. ಬರೀ ತೂಕವಿದ್ದು ಕಾಲು ನಿಧಾನವಾಗಿದ್ದ ಡಿಫೆಂಡರುಗಳಿಗೆ ಅಲ್ಲಿಂದ ಕಷ್ಟವಾಯಿತು. ಅದೇ ಹೊತ್ತಿನಲ್ಲಿ 2.06 ಮೀಟರ್ ಎತ್ತರದ ಜ್ಡೆನೊ ಚಾರಾ 2009ರಲ್ಲಿ ಶ್ರೇಷ್ಠ ಡಿಫೆಂಡರ್‌ಗೆ ಕೊಡುವ ನಾರಿಸ್ ಟ್ರೋಫಿ ಪಡೆದರು, 2011ರಲ್ಲಿ ಬಾಸ್ಟನ್ ತಂಡದ ನಾಯಕನಾಗಿ ಲೀಗ್ ಗೆದ್ದ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿದರು. ಅವರು ತಮ್ಮ ನೀಳ ಕೋಲಿನಿಂದಲೇ ದಾರಿ ಮುಚ್ಚಿ, ಮೈಯನ್ನು ಕೊನೆಗೆ ಬಳಸುತ್ತಿದ್ದರು. ನನ್ನ ಮಗನಿಗೆ ನಾನು ತೋರಿಸುತ್ತಿದ್ದದ್ದು ಅವರ ಆಟವನ್ನೇ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. 11–12 ವಯಸ್ಸಿನ ಗುಂಪಿನಲ್ಲಿ ಬಾಡಿ ಚೆಕ್ ಬೇಡವೆಂದು, ಅಲ್ಲಿ ಈ ಆಟವನ್ನು ನಡೆಸುವ ಸಂಸ್ಥೆಯಾದ 'ಹಾಕಿ ಕೆನಡಾ' 2013ರಲ್ಲಿ ತೀರ್ಮಾನಿಸಿದ ಮೇಲೆ ಮಕ್ಕಳು ಅದನ್ನು ಮೊದಲು ಕಾಣುವುದು 13–14ರಲ್ಲಿ. ಹಾಗಾಗಿ ನಿಮ್ಮ ಅಳಿಯನಿಗೆ ಇದು ಕಲಿಕೆಯ ಆರಂಭ. ಈಗ ಅವನು ಗೆಲ್ಲುತ್ತಿರುವುದರಲ್ಲಿ ಬೇಗ ಬೆಳೆದ ಮೈಯ ಪಾಲು ದೊಡ್ಡದಿರಬಹುದು. 17ಕ್ಕೆ ಬರುವಾಗ ಉಳಿದವರೂ ಅಷ್ಟೇ ಎತ್ತರವಾಗಿರುತ್ತಾರೆ.

ಉತ್ತರ 2: ಅಂಕೋಲೆಯ ನಿವೃತ್ತ ದೈಹಿಕ ಶಿಕ್ಷಕ

ನಾನು ಐಸ್ ಹಾಕಿಯನ್ನು ಟಿವಿಯಲ್ಲಿ ಮಾತ್ರ ನೋಡಿದವನು. ಆದರೆ ಕಬಡ್ಡಿಯ ಮಕ್ಕಳನ್ನು 28 ವರ್ಷ ತಯಾರು ಮಾಡಿದ್ದೇನೆ, ಮೇಲಿನವರ ಮಾತು ಓದುವಾಗ ನನಗೆ ನಮ್ಮ ಕವರ್ ಆಟಗಾರರೇ ಕಣ್ಣ ಮುಂದೆ ಬಂದರು. ಗದ್ದೆ ಕೊಯ್ಲಾದ ಮೇಲೆ ನಮ್ಮ ಕಡೆ ನಡೆಯುವ ಹೊನಲು ಬೆಳಕಿನ ಪಂದ್ಯಗಳಲ್ಲಿ ಒಂದು ಡ್ಯಾಶ್ ಹೊಡೆದು ರೈಡರನ್ನು ಗೆರೆಯಾಚೆ ಎಸೆದವನಿಗೆ ಬೀಳುವ ಶಿಳ್ಳೆಗೆ ಲೆಕ್ಕವಿಲ್ಲ. ಆ ಶಿಳ್ಳೆಯ ರುಚಿ ಹತ್ತಿದ ಹುಡುಗ ಮುಂದಿನ ರೈಡಿನಲ್ಲಿ ರೈಡರ್ ಇನ್ನೂ ಒಳಗೆ ಬರುವ ಮೊದಲೇ ಹಾರುತ್ತಾನೆ, ಮುಟ್ಟಿಸಿಕೊಂಡು ಹೊರಗೆ ಕೂರುತ್ತಾನೆ. ಏಳು ಜನರ ಸರಪಳಿ ಆರಕ್ಕೆ ಇಳಿಯುತ್ತದೆ. ಎರಡೂ ಆಟಗಳಲ್ಲಿ ಅವಸರದವನ ದಂಡ ತೆರುವವರು ಒಳಗೆ ಉಳಿದವರು.

ಆದರೆ ಮೇಲಿನವರ ಉತ್ತರದಲ್ಲಿ ಒಂದು ಅಂಶಕ್ಕೆ ಒತ್ತು ಸಾಲದೆಂದು ನನಗೆ ಅನಿಸಿತು. ಮೈ ಕೊಡುವ ಧೈರ್ಯವನ್ನು ಕಲಿಸುವುದು ಬಹಳ ಕಷ್ಟ; ಹೆಜ್ಜೆ, ಅಂತರ, ಸಮಯ ಇವುಗಳನ್ನು ಕಲಿಸಬಹುದು. "ನುಗ್ಗಬೇಡ" ಎಂದು ಪದೇ ಪದೇ ಕೇಳಿದ ಹುಡುಗ ಅನುಮಾನಿಸತೊಡಗುತ್ತಾನೆ, ಅರ್ಧ ಮನಸ್ಸಿನಿಂದ ಮೈ ಕೊಡುತ್ತಾನೆ. ನನ್ನ ಮಕ್ಕಳಲ್ಲಿ ಹೆಚ್ಚಿನ ಪೆಟ್ಟು ಆಗಿದ್ದು ಅಂತಹ ಅರ್ಧ ಮನಸ್ಸಿನ ಹಿಡಿತಗಳಲ್ಲೇ. ಆದ್ದರಿಂದ "ಎಲ್ಲಿ ನುಗ್ಗಬೇಕು" ಎಂದು ಕೇಳಿ. ಉತ್ತರ ಅವನೇ ಹುಡುಕಲಿ.

ಉತ್ತರ 3: ಕಾರವಾರದ ಫಿಸಿಯೋಥೆರಪಿಸ್ಟ್

ಚಿಕ್ಕದಾಗಿ ಒಂದು ವಿಷಯ ಸೇರಿಸುತ್ತೇನೆ. ಈ ಬಗೆಯ ಆಟ ಹೊಡೆದವನ ಮೈಯನ್ನೂ ಸವೆಸುತ್ತದೆ. ಎನ್‌ಎಚ್‌ಎಲ್‌ನ ನ್ಯೂಜೆರ್ಸಿ ತಂಡದ ಡಿಫೆಂಡರ್ ಸ್ಕಾಟ್ ಸ್ಟೀವನ್ಸ್ ಈ ಶೈಲಿಯ ದೊಡ್ಡ ಹೆಸರು. 1995, 2000, 2003ರಲ್ಲಿ ಅವರ ನಾಯಕತ್ವದಲ್ಲಿ ತಂಡ ಕಪ್ ಗೆದ್ದಿತು. 2000ದಲ್ಲಿ ಅವರ ಭುಜದ ಪೆಟ್ಟಿಗೆ ಎದುರಾಳಿ ಆಟಗಾರ ಎರಿಕ್ ಲಿಂಡ್ರೋಸ್ ಮಿದುಳಿನ ಆಘಾತಕ್ಕೆ (ಕನ್ಕಶನ್) ಒಳಗಾದರು. ಅಂದಿನ ನಿಯಮದಲ್ಲಿ ಅದು ತಪ್ಪಾಗಿರಲಿಲ್ಲ. ಕೊನೆಗೆ ಸ್ಟೀವನ್ಸ್ ಅವರ ಆಟವನ್ನು ನಿಲ್ಲಿಸಿದ್ದೂ ಮಿದುಳಿನ ಆಘಾತದ ತೊಂದರೆಗಳೇ. ಬದಿಯಿಂದ ಬಂದು ತಲೆಗೆ ಗುರಿಯಿಡುವ ಹೊಡೆತಗಳನ್ನು ಎನ್‌ಎಚ್‌ಎಲ್ 2010ರಲ್ಲಿ ನಿಷೇಧಿಸಿತು. ಹುಡುಗನಿಗೆ ಆಟದ ನಂತರ ತಲೆನೋವು, ಮಂಕು, ಬೆಳಕು ಕಂಡರೆ ಕಿರಿಕಿರಿ ಇದ್ದರೆ ಮುಚ್ಚಿಡಬಾರದೆಂದು ದಯವಿಟ್ಟು ಹೇಳಿ. ಗಟ್ಟಿಗನೆಂಬ ಹೆಸರು ಪಡೆದ ಮಕ್ಕಳೇ ಇದನ್ನು ಹೆಚ್ಚಾಗಿ ಮುಚ್ಚಿಡುತ್ತಾರೆ.

ಪ್ರಶ್ನೆ ಕೇಳಿದವರಿಂದ:

ಮೂವರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಆ ಎರಡು ಗೋಲುಗಳ ವಿಡಿಯೋವನ್ನು ಮತ್ತೆ ನೋಡಿದೆ. ಟೊರಾಂಟೊದವರ ಊಹೆ ಒಂದರಲ್ಲಿ ಸರಿ. ಇನ್ನೊಂದರಲ್ಲಿ ಅವನು ಎದುರಾಳಿಯನ್ನು ಸರಿಯಾಗಿಯೇ ಗೋಡೆಗೆ ಒತ್ತಿದ್ದ, ಆದರೆ ಪಕ್ ಜಾರಿ ಹೋದ ಮೇಲೂ ಅವನನ್ನು ಬಿಡದೆ ಅಲ್ಲೇ ನಿಂತ. ಅಷ್ಟರಲ್ಲಿ ಅವನು ಬಿಟ್ಟ ಜಾಗದಲ್ಲಿ ಮತ್ತೊಬ್ಬ ಬಂದು ಗೋಲು ಹೊಡೆದ. ಇದಕ್ಕೆ ಏನು ಹೇಳಬೇಕು?

ಉತ್ತರ: ಕುಮಟಾದವನು, ಈಗ ಟೊರಾಂಟೊದಲ್ಲಿ

ಒಳ್ಳೆಯದನ್ನು ಗಮನಿಸಿದ್ದೀರಿ, ಇದು ನನಗೆ ಹೊಳೆದಿರಲಿಲ್ಲ. ಪೆಟ್ಟು ಕೊಟ್ಟ ತಕ್ಷಣ ಎರಡನೆಯ ಕೆಲಸ ಶುರುವಾಗುತ್ತದೆ: ಪಕ್ ಎಲ್ಲಿದೆ ಎಂದು ಕಣ್ಣೆತ್ತಿ ನೋಡಿ, ಎದುರಾಳಿಗಿಂತ ಮೊದಲು ಗೋಲಿನ ಬದಿಗೆ ಬರಬೇಕು. ಅಭ್ಯಾಸದಲ್ಲಿ ಪ್ರತಿ ಚೆಕ್ ಆದ ಮೇಲೆ ಮೂರು ಚುರುಕು ಹೆಜ್ಜೆ ಗೋಲಿನ ಕಡೆಗೆ ಹಾಕಲು ಹೇಳಿ. ನನ್ನ ಮಗ ಇದನ್ನು ರೂಢಿಸಿಕೊಳ್ಳಲು ಒಂದು ಇಡೀ ಚಳಿಗಾಲ ಬೇಕಾಯಿತು. ಅಂಕೋಲೆಯ ಗುರುಗಳ ಮಾತನ್ನೂ ಒಪ್ಪುತ್ತೇನೆ, ಅವನ ಧೈರ್ಯವನ್ನು ಮುಟ್ಟಬೇಡಿ.

ಪ್ರಶ್ನೆ ಕೇಳಿದವರಿಂದ:

ಹಾಗೇ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಮತ್ತೆ ಪಂದ್ಯವಿದೆ. ಈ ಸಲ ಪಕ್ ಬಿಟ್ಟು ಅವನ ಪಾದಗಳನ್ನೇ ನೋಡುತ್ತೇನೆ.