ಗಿಟ್ ಬ್ಯಾಷ್‌ನಲ್ಲಿ ಸಿಂಬಾಲಿಕ್ ಲಿಂಕ್ ಬದಲು ನಕಲು ಏಕೆ?

ಪ್ರಶ್ನೆ: ವಿಂಡೋಸ್ 10ರ ಗಿಟ್ ಬ್ಯಾಷ್‌ನಲ್ಲಿ (ಗಿಟ್ ಜೊತೆ ಬರುವ, ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ‘ಎಲ್ಎನ್ -ಎಸ್’ ಆಜ್ಞೆಯಿಂದ ಒಂದು ಕಡತಕ್ಕೆ ಸಿಂಬಾಲಿಕ್ ಲಿಂಕ್, ಅಂದರೆ ಮೂಲ ಕಡತದತ್ತ ಬೊಟ್ಟು ಮಾಡುವ ಕೊಂಡಿ, ಮಾಡಿದೆ. ಯಾವ ದೋಷವೂ ಕಾಣಿಸಲಿಲ್ಲ. ಆದರೆ ಮೂಲವನ್ನು ತಿದ್ದಿದ ಮೇಲೂ ಲಿಂಕ್‌ನಲ್ಲಿ ಹಳೆಯ ಪಠ್ಯವೇ ಉಳಿದಿದೆ. ಕಾರಣವೇನು?

ಉತ್ತರ 1: ನಿಮ್ಮಲ್ಲಿ ಆಗಿರುವುದು ಲಿಂಕ್ ಅಲ್ಲ, ನಕಲು. ಗಿಟ್ ಬ್ಯಾಷ್ ಬೇರೆ ಸೂಚನೆ ಇಲ್ಲದಿದ್ದರೆ ಸದ್ದಿಲ್ಲದೆ ಹೀಗೆ ಪ್ರತಿ ಮಾಡಿಬಿಡುತ್ತದೆ (ದೋಷ ತೋರಿಸಿದ್ದರೇ ಮೇಲಿತ್ತು ಎಂಬುದು ನನ್ನ ಅಭಿಪ್ರಾಯ). ‘ಎಂಎಸ್‌ವೈಎಸ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಪ್ರೋಗ್ರಾಂಗಳು ಓದಿಕೊಳ್ಳುವ ಸೆಟ್ಟಿಂಗ್) ‘ವಿನ್‌ಸಿಮ್‌ಲಿಂಕ್ಸ್:ನೇಟಿವ್‌ಸ್ಟ್ರಿಕ್ಟ್’ ಎಂದು ಕೊಟ್ಟರೆ ಎನ್‌ಟಿಎಫ್‌ಎಸ್‌ನ (ವಿಂಡೋಸ್‌ನ ಕಡತ ವ್ಯವಸ್ಥೆ) ನಿಜವಾದ ಲಿಂಕ್ ಸೃಷ್ಟಿಯಾಗುತ್ತದೆ. ಅದು ಸಾಧ್ಯವಾಗದಿದ್ದರೆ ಆಜ್ಞೆಯೇ ವಿಫಲವಾಗುತ್ತದೆ.

ಉತ್ತರ 2: ಅಂಥ ನಿಜವಾದ ಲಿಂಕ್ ಮಾಡಲು ವಿಂಡೋಸ್‌ನ ಅನುಮತಿಯೂ ಬೇಕು. ವಿಂಡೋಸ್ 10ರ 2017ರ 1703 ಆವೃತ್ತಿಯಿಂದೀಚೆಗೆ ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿದರೆ ಗಿಟ್ ಬ್ಯಾಷ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕಾಗಿಲ್ಲ.

ಉತ್ತರ 3: ಗಿಟ್‌ನ (ಕಡತಗಳ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ) ‘ಕೋರ್.ಸಿಮ್‌ಲಿಂಕ್ಸ್’ ಎಂಬ ಸೆಟ್ಟಿಂಗ್ ಅನ್ನೂ ನೋಡಿ. ಅದು ‘ಫಾಲ್ಸ್’ ಆಗಿದ್ದರೆ, ಚೆಕ್‌ಔಟ್ ಮಾಡಿದಾಗ (ಗಿಟ್‌ನಲ್ಲಿ ಉಳಿಸಿದ ಕಡತಗಳನ್ನು ಫೋಲ್ಡರ್‌ಗೆ ತಂದಾಗ) ಲಿಂಕ್ ಇರಬೇಕಾದಲ್ಲಿ ಗುರಿಯ ಪಾತ್ ಅಷ್ಟೇ ಬರೆದಿರುವ ಸಾಮಾನ್ಯ ಪಠ್ಯ ಕಡತ ಸಿಗುತ್ತದೆ.