ಅಪ್‌ಡೇಟ್: ಮಿಯಾಟಾ ಕ್ಲಚ್ ಸರಿಯಾಯ್ತು, ಗೇರ್‌ಬಾಕ್ಸ್ ಇಳಿಸಬೇಕಾಗಲಿಲ್ಲ

ಎರಡು ವಾರದ ಹಿಂದೆ ಕೇಳಿದ್ದೆ: ನನ್ನ 1994ರ ಮಾಜ್ದಾ ಮಿಯಾಟಾದಲ್ಲಿ (ಟಾಪ್ ಇಳಿಸಬಹುದಾದ ಎರಡು ಸೀಟಿನ ಕಾರು) ಕ್ಲಚ್ ಪೆಡಲ್ ಒತ್ತಿದರೆ ನೆಲಕ್ಕೇ ಅಂಟಿಕೊಳ್ಳುತ್ತೆ, ಫಸ್ಟ್ ಗೇರ್ ಬೀಳೋದಿಲ್ಲ, ಕ್ಲಚ್ ಪ್ಲೇಟ್ ಹೋಯ್ತಾ ಅಂತ. ಇಲ್ಲಿ ನ್ಯೂಜೆರ್ಸಿಯ ಒಂದು ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಲೇಬೇಕು ಅಂದಿದ್ದರು.

"ಮೊದಲು ಸ್ಲೇವ್ ಸಿಲಿಂಡರ್ ನೋಡಿ" ಅಂದವರಿಗೆ ದೊಡ್ಡ ನಮಸ್ಕಾರ. ಪೆಡಲ್ ಒತ್ತಿದಾಗ ಫ್ಲೂಯಿಡ್ ಒತ್ತಡದಿಂದ ಕ್ಲಚ್ ಬಿಡಿಸೋ ಭಾಗ ಅದು. ಶನಿವಾರ ಗಾಡಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಕೆಳಗೆ ತೂರಿದೆ. ಸಿಲಿಂಡರಿನ ರಬ್ಬರ್ ಟೊಪ್ಪಿಯ ಅಂಚು ಬೆರಳಲ್ಲಿ ಸರಿಸಿದ್ದೇ ತಡ, ಡಿಕಾಕ್ಷನ್ನಿನಂಥ ಕಪ್ಪು ಆಯಿಲ್ ಮಣಿಕಟ್ಟಿನವರೆಗೂ ಇಳಿಯಿತು. ಒಳಗಿನ ಸೀಲ್ ಸವೆದಿತ್ತು. ಮೂವತ್ತು ವರ್ಷದ ರಬ್ಬರ್, ಅದರ ತಪ್ಪೇನಿಲ್ಲ.

ಈ ಕಾರಿನಲ್ಲಿ ಸ್ಲೇವ್ ಗೇರ್‌ಬಾಕ್ಸಿನ ಹೊರಮೈಗೇ ಇದೆ, ಎರಡೇ ಬೋಲ್ಟ್. ಕಷ್ಟ ಕೊಟ್ಟಿದ್ದು ಪೈಪಿನ ನಟ್ಟು. ಮಾಮೂಲಿ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದುಹೋಗುತ್ತೆ. ನಟ್ಟನ್ನ ಸುತ್ತಲೂ ಹಿಡಿಯೋ ಫ್ಲೇರ್ ನಟ್ ಸ್ಪ್ಯಾನರೇ ತಗೊಳ್ಳಿ. ಹಿಂದಿನ ರಾತ್ರಿ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಟ್ಟಿದ್ದೂ ಒಳ್ಳೇದಾಯ್ತು.

ಬಿಚ್ಚಿದ್ದೇ ಬಿಚ್ಚಿದ್ದು ಅಂತ ಪೆಡಲ್ ಕಡೆಯಿಂದ ಫ್ಲೂಯಿಡ್ ತಳ್ಳೋ ಮಾಸ್ಟರ್ ಸಿಲಿಂಡರನ್ನೂ ಬದಲಿಸಿದೆ. ಹಳೇ ಹೋಸ್ ಜಾಗಕ್ಕೆ ಸ್ಟೀಲ್ ಹೆಣಿಗೆಯ ಹೋಸ್ ಹಾಕಿದೆ, ಈ ಗಾಡಿಗೆ ನಾನು ಮಾಡಿದ ಮೊದಲ ಮಾಡಿಫಿಕೇಶನ್ ಇದು. ಡಾಟ್ 3 ಫ್ಲೂಯಿಡ್ (ಬ್ರೇಕ್, ಕ್ಲಚ್ಚಿಗೆ ಹಾಕೋದು) ತುಂಬಿ ಪೈಪಿನೊಳಗಿನ ಗಾಳಿ ತೆಗೆಯೋವಾಗ ಪೆಡಲ್ ಮೇಲೆ ನನ್ನಾಕೆ, ಕೆಳಗೆ ನಾನು: "ಒತ್ತು... ಹಿಡ್ಕೋ... ಬಿಡು." ಗುಳ್ಳೆ ನಿಲ್ಲೋಕೆ ಮುಕ್ಕಾಲು ಗಂಟೆ ಬೇಕಾಯ್ತು.

ಈಗ ಪೆಡಲ್ ಗಟ್ಟಿ. ನಿನ್ನೆ ಟಾಪ್ ಇಳಿಸಿ ಇಬ್ಬರೂ ಸುತ್ತಾಡಿ ಬಂದೆವು. ಮುಂದೆ ಟೈಮಿಂಗ್ ಬೆಲ್ಟ್. ವಾಟರ್ ಪಂಪೂ ಜೊತೆಗೇ ಬದಲಿಸ್ತೀನಿ.