5.1 ಹಾಕಿದ್ರೂ ಮಾತು ಕೇಳಿಸಲ್ಲ, ಬೇಸ್ ಮಾತ್ರ ಗುಂಯ್ ಅನ್ನುತ್ತೆ

ಪ್ರಶ್ನೆ:
5.1 (ಐದು ಸ್ಪೀಕರ್, ಬೇಸ್‌ಗೆ ಒಂದು ಸಬ್‌ವೂಫರ್) ಹಾಕಿರೋ ರೂಮು 12 ಅಡಿ ಅಗಲ, 15 ಅಡಿ ಉದ್ದ. 12 ಅಡಿ ಗೋಡೆಗೆ 55 ಇಂಚಿನ ಟಿವಿ, ಎದುರು ಗೋಡೆಗೆ ಅಂಟಿಕೊಂಡೇ ಸೋಫಾ. ಸೆಂಟರ್ ಸ್ಪೀಕರ್ ಟಿವಿ ಯೂನಿಟ್ಟಿನ ಕೆಳಗಿನ ಗೂಡಿನಲ್ಲಿದೆ, ಸಬ್‌ವೂಫರ್ ಮೂಲೆಯಲ್ಲಿ. ಸೆಟ್ ಟಾಪ್ ಬಾಕ್ಸು, ಬ್ಲೂ-ರೇ ಪ್ಲೇಯರ್ ಎರಡೂ ಟಿವಿಗೆ. ಟಿವಿಯಿಂದ ಎವಿ ರಿಸೀವರ್‌ಗೆ (ಎಲ್ಲಾ ಸ್ಪೀಕರ್ ನಡೆಸೋ ಆಂಪ್ಲಿಫೈಯರ್) ಎಚ್‌ಡಿಎಂಐ ಎಆರ್‌ಸಿ, ಅಂದ್ರೆ ಟಿವಿಯ ಶಬ್ದ ರಿಸೀವರ್‌ಗೆ ವಾಪಸ್ ಕಳಿಸೋ ದಾರಿ. ರಿಸೀವರ್ ಡಿಸ್‌ಪ್ಲೇಯಲ್ಲಿ ಯಾವಾಗಲೂ ‘ಪಿಸಿಎಂ’ ಅಂತಲೇ ಬರುತ್ತೆ. ಮಾತು ಸ್ಪಷ್ಟವಿಲ್ಲ, ಬೇಸ್ ಸೋಫಾದಲ್ಲಿ ಕೂತವರ ಎದೆಗೇ ಗುದ್ದುತ್ತೆ. ಸೆಂಟರ್ ಸ್ಪೀಕರ್ ಬದಲಾಯಿಸಬೇಕಾ?

ಉತ್ತರ 1:
ಸದ್ಯಕ್ಕೆ ಏನೂ ಕೊಳ್ಳಬೇಡಿ ಸರ್. ಎಆರ್‌ಸಿಯಲ್ಲಿ ಪಿಸಿಎಂ (ಕುಗ್ಗಿಸದ ಡಿಜಿಟಲ್ ಶಬ್ದ) ಅಂದ್ರೆ ಎರಡೇ ಚಾನೆಲ್, ಎಡ ಮತ್ತು ಬಲ. ಅಲ್ಲಿಗೆ ಮಾತು ಹೆಚ್ಚಾಗಿ ಬರೋ ಸೆಂಟರ್‌ಗೆ ಅಂತ ಬೇರೆ ಟ್ರ್ಯಾಕೇ ಬರ್ತಿಲ್ಲ. ಬಂದ ಎರಡರಲ್ಲಿ ರಿಸೀವರ್ ಊಹೆ ಮಾಡಿ ಹಂಚ್ತಿದೆ, ಇಲ್ಲಾ ಸೆಂಟರ್ ಸುಮ್ಮನೆ ಕೂತಿದೆ.

ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನೋದನ್ನ ಪಿಸಿಎಂನಿಂದ ಬಿಟ್‌ಸ್ಟ್ರೀಮ್, ಪಾಸ್ ಥ್ರೂ ಅಥವಾ ಆಟೋಗೆ ತನ್ನಿ, ಆಗ ಟಿವಿ 5.1ನ್ನು ಎರಡಕ್ಕೆ ಇಳಿಸದೆ ಕಳಿಸುತ್ತೆ. ಟಿವಿಯೊಳಗಿನ ಆ್ಯಪ್‌ಗಳಿಗೆ ಇಷ್ಟು ಸಾಕು, ಡಿಸ್‌ಪ್ಲೇಯಲ್ಲಿ ಡಾಲ್ಬಿ ಅಂತ ಬರಬೇಕು. ಬಾಕ್ಸು, ಪ್ಲೇಯರ್ ಎರಡನ್ನೂ ಟಿವಿಯಿಂದ ಕಿತ್ತು ನೇರ ರಿಸೀವರ್‌ಗೇ ಹಾಕಿ. ಹೊರಗಿನಿಂದ ಬಂದ 5.1ನ್ನು ಎಷ್ಟೋ ಟಿವಿಗಳು ಸ್ಟೀರಿಯೋ ಮಾಡಿಯೇ ಮುಂದಕ್ಕೆ ಕಳಿಸುತ್ತವೆ. ಅಲ್ಲದೆ ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿ (ಗುಣಮಟ್ಟ ಕಳೆಯದ ಡಾಲ್ಬಿ) ಟ್ರ್ಯಾಕು ಎಆರ್‌ಸಿಯಲ್ಲಿ ಹಿಡಿಸೋದಿಲ್ಲ. ಅದಕ್ಕೆ ಟಿವಿ, ರಿಸೀವರ್ ಎರಡೂ ಕಡೆ ಇಎಆರ್‌ಸಿ (ಎಆರ್‌ಸಿಯ ಹೆಚ್ಚು ಸಾಮರ್ಥ್ಯದ ರೂಪ) ಬೇಕು. ಪ್ಲೇಯರ್ ರಿಸೀವರ್‌ಗೇ ಹೋದ್ರೆ ಆ ತಾಪತ್ರಯವೇ ಇಲ್ಲ.

ಉತ್ತರ 2:
ಮೇಲಿನವರು ಹೇಳಿದ್ದು ಮೊದಲು ಮಾಡಿ. ಆಮೇಲೆ ಆ ಗೂಡು. ಒಳಕ್ಕೆ ತಳ್ಳಿದ ಸೆಂಟರ್ ಅಂದ್ರೆ ಡಬ್ಬದೊಳಗೆ ಬಾಯಿಟ್ಟು ಮಾತಾಡಿದ ಹಾಗೆ. ಸ್ಪೀಕರ್ ಮುಖ ಗೂಡಿನ ಅಂಚಿಗೆ ಸಮ ಬರಲಿ, ಒಂದು ಬೆರಳು ಮುಂದೆ ಬಂದ್ರೂ ಒಳ್ಳೇದು. ಮುಂದಿನ ತುದಿಯಡಿ ರಬ್ಬರ್ ತುಂಡು ಕೊಟ್ಟು, ಟ್ವೀಟರ್ (ಕೀರಲು ದನಿಯ ಚಿಕ್ಕ ಸ್ಪೀಕರ್) ನಿಮ್ಮ ಮೊಣಕಾಲಿಗಲ್ಲ, ಕಿವಿಗೆ ನೋಡೋ ಹಾಗೆ ಓರೆ ಮಾಡಿ.

ಬೇಸ್‌ಗೆ ಸೋಫಾ ಕಾರಣ. 15 ಅಡಿ ಉದ್ದದ ರೂಮು ಸುಮಾರು 38 ಹರ್ಟ್ಸ್‌ಗೆ ತಾನೇ ಗುನುಗುತ್ತೆ, ಆ ಗುನುಗು ಅತಿ ಜೋರಾಗಿರೋದು ಗೋಡೆಯ ಹತ್ತಿರ. ಮೂಲೆಯ ಸಬ್ ಅದನ್ನ ಇನ್ನೂ ಕೆರಳಿಸುತ್ತೆ. ಸೋಫಾ ನಾಲ್ಕೈದು ಅಡಿ ಮುಂದಕ್ಕೆ ಬರಲಿ. 55 ಇಂಚಿಗೆ ಏಳೂವರೆಯಿಂದ ಒಂಬತ್ತು ಅಡಿಯೊಳಗೆ ಕೂತ್ರೆ ಚಿತ್ರಕ್ಕೂ ಲಾಭ. ಈಗಿನ ದೂರದಲ್ಲಿ 4ಕೆಯ ಸೂಕ್ಷ್ಮ ಕಣ್ಣಿಗೆ ಸಿಗೋದೇ ಇಲ್ಲ. ಸರೌಂಡ್ ಸ್ಪೀಕರ್‌ಗಳು ಕಿವಿಯ ಪಕ್ಕಕ್ಕಿಂತ ಚೂರು ಹಿಂದೆ, ಕಿವಿಗಿಂತ ಒಂದು-ಎರಡು ಅಡಿ ಮೇಲೆ.

ಸಬ್ ಜಾಗ ಹುಡುಕೋಕೆ ಅದನ್ನ ಸೋಫಾ ಮೇಲೆ, ನೀವು ಕೂರೋ ಕಡೆ ಇಡಿ. ಬೇಸ್ ಮೇಲೆ ಕೆಳಗೆ ಓಡಾಡೋ ಸಂಗೀತ ಹಾಕಿ ಗೋಡೆಯುದ್ದಕ್ಕೂ ಮಂಡಿಯೂರಿ ತೆವಳಿ. ನೋಡೋರಿಗೆ ತಮಾಷೆ, ಆದ್ರೆ ಎಲ್ಲಾ ಸ್ವರವೂ ಸಮವಾಗಿ ಕೇಳಿದ ಜಾಗವೇ ಸಬ್ ಜಾಗ.

ಉತ್ತರ 3:
ವೈರ್ ನೋಡಿದ್ರಾ? ಒಂದು ಸ್ಪೀಕರ್‌ಗೆ ಪ್ಲಸ್-ಮೈನಸ್ ತಿರುಗಿದ್ರೆ ಶಬ್ದ ಬರುತ್ತೆ, ಆದ್ರೆ ದನಿ ಎಲ್ಲಿಂದ ಬರ್ತಿದೆ ಅಂತ ಹೇಳೋಕಾಗಲ್ಲ, ಬೇಸೂ ತೆಳುವಾಗುತ್ತೆ. ರಿಸೀವರ್ ಆಫ್ ಮಾಡಿ, ಆ ಕಡೆಯ ತುದಿ ಬಿಚ್ಚಿ 1.5 ವೋಲ್ಟ್ ಸೆಲ್ಲಿಗೆ ಕ್ಷಣಮಾತ್ರ ಮುಟ್ಟಿಸಿ: ಪ್ಲಸ್‌ಗೆ ಪ್ಲಸ್. ಆ ಸ್ಪೀಕರ್‌ನ ವೂಫರ್ (ದೊಡ್ಡ ಕೋನ್) ಹೊರಕ್ಕೆ ಜಿಗಿದ್ರೆ ಸರಿ, ಒಳಕ್ಕೆ ಹೋದ್ರೆ ತಿರುಗಿದೆ. ವಾಪಸ್ ಹಾಕುವಾಗ ಎಳೆಗಳನ್ನ ಹೊಸೆದು ಹಾಕಿ. ಪಕ್ಕದ ಟರ್ಮಿನಲ್‌ಗೆ ಒಂದು ಎಳೆ ತಾಗಿದ್ರೂ ರಿಸೀವರ್ ಪ್ರೊಟೆಕ್ಷನ್‌ಗೆ ಹೋಗಿ ಬಂದ್ ಆಗುತ್ತೆ.

ಇದೆಲ್ಲಾ ಮುಗಿದ ಮೇಲೆ ಆಟೋ ಕ್ಯಾಲಿಬ್ರೇಷನ್, ಅಂದ್ರೆ ರಿಸೀವರ್ ಮೈಕಿನಿಂದ ತಾನೇ ದೂರ, ಲೆವೆಲ್ ಅಳೆದು ಹೊಂದಿಸೋದು. ಮೈಕ್ ಸೋಫಾದ ಬೆನ್ನ ಮೇಲಲ್ಲ, ಟ್ರೈಪಾಡ್ ಮೇಲೆ ಕಿವಿ ಎತ್ತರಕ್ಕೆ. ಫ್ಯಾನ್ ಆಫ್. ಸಬ್ ಹಿಂದಿನ ಕ್ರಾಸ್‌ಓವರ್ (ಎಲ್ಲಿಯವರೆಗಿನ ಬೇಸ್ ಸಬ್‌ಗೆ ಅನ್ನೋ ಗಡಿ) ತಿರುಪು ಪೂರ್ತಿ ಮೇಲಕ್ಕಿರಲಿ, ಇಲ್ಲದಿದ್ರೆ ರಿಸೀವರ್‌ದೂ ಅದರದೂ ಎರಡು ಫಿಲ್ಟರ್ ಒಂದರ ಮೇಲೊಂದು ಬೀಳುತ್ತೆ. ಮುಗಿದ ಮೇಲೆ ಮುಂದಿನ ಸ್ಪೀಕರ್‌ಗಳು ‘ಲಾರ್ಜ್’ ಅಂತ ಬಂದಿದ್ರೆ ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್. ಆಗ ಅದಕ್ಕಿಂತ ಕೆಳಗಿನ ಬೇಸ್ ಸಬ್‌ಗೆ ಹೋಗುತ್ತೆ.

ಪ್ರಶ್ನೆ ಕೇಳಿದವರು:
ಎಡಗಡೆ ಸ್ಪೀಕರ್ ತಿರುಗಿತ್ತು! ಈಗ ಡಾಲ್ಬಿ ಅಂತ ಬರ್ತಿದೆ, ಮಾತು ಸ್ಪಷ್ಟ. ಆದ್ರೆ ಕ್ಯಾಲಿಬ್ರೇಷನ್ ಸಬ್ ದೂರ 17 ಅಡಿ ಅನ್ನುತ್ತೆ. ಟೇಪ್ ಹಿಡಿದ್ರೆ ಹತ್ತೇ ಅಡಿ. ತಿದ್ದಲಾ?

ಉತ್ತರ 3:
ಮುಟ್ಟಬೇಡಿ. ಸಬ್ ಒಳಗಿನ ಫಿಲ್ಟರ್ ಶಬ್ದವನ್ನ ಚೂರು ತಡ ಮಾಡುತ್ತೆ. ಶಬ್ದ ಒಂದು ಅಡಿ ಸಾಗೋಕೆ ಸುಮಾರು 0.9 ಮಿಲಿಸೆಕೆಂಡ್, ಹಾಗಾಗಿ ಆ ಏಳು ಅಡಿ ಅಂದ್ರೆ ಆರು ಮಿಲಿಸೆಕೆಂಡ್ ತಡ. ಮೈಕ್ ಅಳೆದದ್ದು ನೆಲವನ್ನಲ್ಲ, ಆ ಹೊತ್ತನ್ನ. ರಾತ್ರಿ ಕಡಿಮೆ ವಾಲ್ಯೂಮಿನಲ್ಲಿ ಮಾತು ಸಣ್ಣ ಅನ್ನಿಸಿದ್ರೆ ಸೆಂಟರ್ ಲೆವೆಲ್ 2 ಡಿಬಿ ಏರಿಸಿ, ಅಷ್ಟೇ.